ಕೆಳಗಿನ ಅಂಕಿ

ಮಾರ್ಚ್ 3, ಸೋಮವಾರ

ಇಂದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ವಿಜ್ಞಾನವು ನಮ್ಮ ತುರ್ತು ಚಿಕಿತ್ಸಾ ಕೊಠಡಿಯಿಂದ ಎದ್ದು ಹೊರಟುಹೋಯಿತು. ಹೋಗುವ ಮುನ್ನ ಒಂದು ಮಾತೂ ಹೇಳಲಿಲ್ಲ. ಹಿಂದಿನ ಅಂಗಳದ ಟ್ರಾನ್ಸ್‌ಫಾರ್ಮರ್ ಢಮಾರೆಂದಿತಂತೆ, ಆಸ್ಪತ್ರೆಗೆ ಆಸ್ಪತ್ರೆಯೇ ಬೆಚ್ಚಿಬಿದ್ದಿತಂತೆ. ನಾನು ಬೆಚ್ಚಲಿಲ್ಲ. ಬ್ಯಾಂಡೇಜ್ ಸುತ್ತುತ್ತಿದ್ದವಳು ಸುತ್ತುತ್ತಲೇ ಇದ್ದೆ. ಮೂವತ್ತೇಳು ವರ್ಷ ಸರ್ವೀಸಾದ ನರ್ಸ್ ಅಂಥ ಸಣ್ಣಪುಟ್ಟ ಸದ್ದಿಗೆಲ್ಲ ತಲೆಯೆತ್ತುವುದಿಲ್ಲ. ಎಲ್ಲರೂ ನನ್ನ ಧೈರ್ಯ ಕಂಡು ಮೂಗಿನ ಮೇಲೆ ಬೆರಳಿಟ್ಟರು.

ಜನರೇಟರ್ ಇದೆ. ಅದಕ್ಕೂ ನನ್ನಷ್ಟೇ ವಯಸ್ಸಾಗಿರಬೇಕು. ಮೇಲಿನ ಮಹಡಿಯ ಆಪರೇಷನ್ ಥಿಯೇಟರ್ ಮತ್ತು ಐ.ಸಿ.ಯು. ಸಾಕುವಷ್ಟರಲ್ಲೇ ಏದುಸಿರು ಬಿಡುತ್ತದೆ. ನಮ್ಮ ಪಾಲಿಗೆ ದಯಪಾಲಿಸಿರುವುದು ಎರಡು ಬಲ್ಬು. ನಮ್ಮ ಕೊಠಡಿಯೋ ಕಟ್ಟಡದ ಹೊಟ್ಟೆಯೊಳಗಿದೆ. ಕಿಟಕಿ ಎಂಬುದಿಲ್ಲ, ಇಟ್ಟರೆ ರೋಗಿಗಳು ಹಾರಿ ಓಡಿಯಾರೆಂದು ಕಟ್ಟಿಸಿದ ಪುಣ್ಯಾತ್ಮ ಯೋಚಿಸಿರಬೇಕು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಗವಿ.

ಮಾನಿಟರುಗಳು ಬ್ಯಾಟರಿ ನಂಬಿಕೊಂಡು ಎರಡು ಗಂಟೆ ಜೀವ ಹಿಡಿದವು. ಆಮೇಲೆ ಒಂದೊಂದಾಗಿ ಕಣ್ಣು ಮುಚ್ಚಿದವು. ಸೆಲ್ ಹಾಕುವ ಬಿ.ಪಿ. ಯಂತ್ರ ಎರಡಿದ್ದವು. ಒಂದನ್ನು ಐ.ಸಿ.ಯು.ನವರು ಎತ್ತಿಕೊಂಡು ಹೋದರು. ಇನ್ನೊಂದು ಬಂದವರಿಗೆಲ್ಲ ಇಂಗ್ಲಿಷಿನ 'ಇ' ಎಂಬ ಒಂದೇ ಅಕ್ಷರ ತೋರಿಸುತ್ತದೆ. ಅದರ ಅರ್ಥ ಕೈಪಿಡಿಯಲ್ಲಿದೆ. ಕೈಪಿಡಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಡ್ಯೂಟಿ ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಪಾಪ, ಮಾನಿಟರ್ ನೋಡಿಕೊಂಡೇ ಓದಿ ಪಾಸಾದ ಹುಡುಗಿ. ಅಷ್ಟರಲ್ಲಿ ಗಾಡಿಯಣ್ಣ ಉಗ್ರಾಣದಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದ. ಸ್ಟ್ರೆಚರ್ ಗಾಡಿ ತಳ್ಳುವುದರಿಂದ ಅವನಿಗೆ ಆ ಹೆಸರು. ನಾನು ಕೆಲಸಕ್ಕೆ ಸೇರಿದ ವರ್ಷವೇ ಅವನೂ ಸೇರಿದ್ದು.

"ನೋಡಮ್ಮಾ, ಯಾರು ಬಂದಿದಾರೆ ಅಂತ!"

ಪಾದರಸದ ಬಿ.ಪಿ. ಪೆಟ್ಟಿಗೆ! ಮುಚ್ಚಳ ಎತ್ತಿದೊಡನೆ ಹಳೆಯ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಎಲ್ಲವೂ ಸಾಲುಗಟ್ಟಿ ಬಂದವು: ಒಂದೇ ಒಂದು ಬಲ್ಬಿನ ಆ ಹಳೆಯ ಕೊಠಡಿ, ಸ್ಟೌ ಮೇಲೆ ಕುದಿಯುವ ಗಾಜಿನ ಸಿರಿಂಜುಗಳು, ಅಂಚು ಕಿತ್ತುಹೋದ ಬಿಳಿ ಬೋಗುಣಿ, ಕೈಗಡಿಯಾರ ಹಿಡಿದು ಎಣಿಸುತ್ತಿದ್ದ ಡ್ರಿಪ್ಪಿನ ಹನಿಗಳು. ಕಣ್ಣಲ್ಲಿ ನೀರು ಬಂತು. ಧೂಳಿಗೆ.

"ಸಿಸ್ಟರ್, ನಿಮಗೆ ಇದು ಬರುತ್ತಲ್ವಾ?" ಎಂದರು ಡಾಕ್ಟರಮ್ಮ.

"ಬರೋದೇನು ಬಂತು ಡಾಕ್ಟರೇ, ನಾನು ಇದರ ಜೊತೆಗೇ ಬಂದವಳು" ಎಂದೆ. ಒಳ್ಳೆಯ ಮಾತು, ಬರೆದಿಡೋಣವೆನಿಸಿತು, ಬರೆದಿಟ್ಟಿದ್ದೇನೆ. ತೋಳಿಗೆ ಸುತ್ತುವ ಪಟ್ಟಿಯೊಳಗಿನ ರಬ್ಬರ್ ತೂತಾಗಿತ್ತು. ಗಾಡಿಯಣ್ಣ ಸೈಕಲ್ ಅಂಗಡಿಗೆ ಒಯ್ದು ಪಂಕ್ಚರ್ ಹಾಕಿಸಿಕೊಂಡು ಬಂದ.

ನಮ್ಮ ಬೀದಿಗೂ ಕರೆಂಟು ಅದೇ ಟ್ರಾನ್ಸ್‌ಫಾರ್ಮರಿನಿಂದ, ಹಾಗಾಗಿ ಮನೆಯಲ್ಲೂ ಇಲ್ಲ. ನಮ್ಮನೆಯವರು ಮೇಣದಬತ್ತಿಯನ್ನು ಮೇಜಿನ ಮೇಲಿಡದೆ ತಮ್ಮ ಗದ್ದದ ಕೆಳಗೆ ಹಿಡಿದುಕೊಂಡು ಮಾತಾಡುತ್ತಾರೆ, ನಾಟಕದ ರಾಕ್ಷಸನ ಹಾಗೆ.

"ರೀ, ಕೆಳಗಿಡಿ ಅದನ್ನ. ಮೀಸೆ ಸುಟ್ಟೀತು" ಎಂದೆ.

"ಸುಟ್ರೆ ಸುಡ್ಲಿ. ನಾನಾಡೋ ಮಾತು ನಿನಗೆ ಕಾಣ್ಬೇಕಲ್ಲ."

ಮಾತು ಕಾಣಬೇಕಂತೆ! ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟ ಮೇಷ್ಟ್ರು. ನಿವೃತ್ತಿಯಾದ ಮೇಲೆ ಭಾಷೆಯೂ ಸಡಿಲವಾಗುತ್ತದೆ.

ಮಾರ್ಚ್ 4, ಮಂಗಳವಾರ

ಇಂದು ನನ್ನ ಪಟ್ಟಾಭಿಷೇಕ. ಕಿರಿಯ ನರ್ಸುಗಳೆಲ್ಲ ಪೆಟ್ಟಿಗೆಯ ಸುತ್ತ ನಿಂತರು. ಮುಂದಿನ ಸಾಲಿನಲ್ಲಿ ಗುಬ್ಬಿ. ಈ ಹುಡುಗಿಗೆ ಗುಬ್ಬಿ ಎಂದು ಹೆಸರಿಟ್ಟವಳು ನಾನೇ; ಬಾಯಿ ಅಲ್ಲಾಡುತ್ತದೆ, ಸದ್ದೇ ಬರುವುದಿಲ್ಲ. ಈಗಿನ ಕಾಲದವರೆಲ್ಲ ಹೀಗೆಯೇ. ಮಾತನ್ನು ಬಾಯೊಳಗೇ ಜಗಿದು ನುಂಗುತ್ತಾರೆ. ಮೇಲಿಂದ ಮೂಗಿಗೆ ಬಾಯಿಗೆ ಮಾಸ್ಕ್ ಬೇರೆ.

ಗಾಡಿಯಣ್ಣನ ತೋಳನ್ನು ಪಾಠಕ್ಕೆ ಬಳಸಿಕೊಂಡೆ. "ನೋಡ್ರಮ್ಮಾ, ಪಟ್ಟಿ ಸುತ್ತಿ ಗಾಳಿ ತುಂಬಿದ್ರೆ ಪಾದರಸ ಮೇಲೇರುತ್ತೆ. ತೋಳಿನ ರಕ್ತ ನಿಲ್ಲುತ್ತೆ. ಆಮೇಲೆ ಮೆಲ್ಲಗೆ ಗಾಳಿ ಬಿಡ್ತಾ ಬನ್ನಿ, ಮೊಣಕೈ ಹತ್ರ ಸ್ಟೆತಾಸ್ಕೋಪ್ ಇಟ್ಟು ಕೇಳಿ. ಯಾರೋ ದೂರದಲ್ಲಿ ಬಾಗಿಲು ತಟ್ಟಿದ ಹಾಗೆ ಟಕ್, ಟಕ್ ಅಂತ ಶುರುವಾಗುತ್ತೆ. ಅದು ಮೇಲಿನ ಅಂಕಿ. ತಟ್ಟಿ ತಟ್ಟಿ ಸಾಕಾಗಿ ಅವರು ಹೊರಟುಹೋಗ್ತಾರೆ. ಸದ್ದು ನಿಂತಲ್ಲಿ ಕೆಳಗಿನ ಅಂಕಿ."

ಎಲ್ಲರೂ ತಲೆದೂಗಿದರು. ಗಾಳಿ ತುಂಬಿದೆ. ಬಿಟ್ಟೆ. ಕಿವಿಗೊಟ್ಟೆ.

ಯಾರೂ ಬಾಗಿಲು ತಟ್ಟಲಿಲ್ಲ.

"ಈ ಸ್ಟೆತಾಸ್ಕೋಪ್ ಕೆಟ್ಟಿದೆ" ಎಂದು ಬೇರೊಂದು ತರಿಸಿದೆ. ಅದೂ ಕೆಟ್ಟಿತ್ತು. ಮೂರನೆಯದು ಡಾಕ್ಟರಮ್ಮನದೇ, ದುಬಾರಿಯದು. ಅದೂ ಕೆಟ್ಟಿತ್ತು. ಖರೀದಿ ವಿಭಾಗದವರ ಮೇಲೆ ಒಂದು ಚಿಕ್ಕ ಭಾಷಣ ಮಾಡಬೇಕೆಂದಿದ್ದೆ. ಅಷ್ಟರಲ್ಲಿ ಗುಬ್ಬಿ ಅದನ್ನೇ ಕಿವಿಗಿಟ್ಟುಕೊಂಡು ಕೇಳಿ, ಮಾಸ್ಕ್ ಕೆಳಗೆಳೆದು ಕಣ್ಣರಳಿಸಿ ಏನೋ ಅಂದಳು. ಗಾಡಿಯಣ್ಣನ ಟಾರ್ಚು ಅವಳ ಮುಖದ ಮೇಲೆ ಬಿದ್ದಾಗ ಅರ್ಥವಾಯಿತು.

"ಅಕ್ಕಾ, ಎಷ್ಟು ಜೋರಾಗಿ ಕೇಳ್ತಿದೆ! ನೂರ ಮೂವತ್ತು, ಎಂಬತ್ನಾಲ್ಕು!"

"ಶಭಾಷ್. ನಿನಗೆ ಬರುತ್ತೋ ಇಲ್ವೋ ಅಂತ ಪರೀಕ್ಷೆ ಮಾಡ್ತಿದ್ದೆ" ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ನೆಲವೂ ಡೊಂಕಿರಬಹುದು ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಆಮೇಲೆ ಆರು ಜನ ರೋಗಿಗಳು ಬಂದರು. ಮೇಲಿನ ಅಂಕಿಗೆ ಕಿವಿ ಬೇಡ. ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡರೆ ನಾಡಿ ಮರಳಿ ಬರುವ ಜಾಗ ಗೊತ್ತಾಗುತ್ತದೆ. ಹೆಚ್ಚೂಕಡಿಮೆ ಸರಿಯಾಗಿಯೇ ಇರುತ್ತದೆ. ನನ್ನ ಬೆರಳು ಇನ್ನೂ ಬಂಗಾರ. ಕೆಳಗಿನ ಅಂಕಿಗೆ ಮಾತ್ರ ಬೆರಳು ಸಾಲದು. ಅದಕ್ಕೆ ಎಂಬತ್ತು ಎಂದು ಬರೆದೆ. ಎಲ್ಲರಿಗೂ.

ಇದು ನನ್ನದೇ ಪುಸ್ತಕ, ಬರೆದುಬಿಡುತ್ತೇನೆ: ಆ ಸದ್ದು ನನಗೆ ಕೇಳಿಸಲಿಲ್ಲ. ನೆಗಡಿ ಇಳಿದ ಮೇಲೆ ಕೇಳೀತು. ನನಗೆ ನೆಗಡಿ ಆಗಿಲ್ಲ, ನಿಜ. ಆಗುವ ಹಾಗಿದೆ.

ಮಾರ್ಚ್ 5, ಬುಧವಾರ

ನೆಗಡಿ ಆಗಲಿಲ್ಲ. ಸದ್ದೂ ಕೇಳಲಿಲ್ಲ.

ಇಂದು ಒಂಬತ್ತು ಜನ. ಎಂಬತ್ತು, ಎಂಬತ್ತು, ಎಪ್ಪತ್ತೆಂಟು, ಎಂಬತ್ತು, ತೊಂಬತ್ತು. ನಡುನಡುವೆ ಬದಲಾಯಿಸುತ್ತೇನೆ, ಒಂದೇ ಆದರೆ ರಿಜಿಸ್ಟರಿಗೆ ಬೇಸರವಾಗುತ್ತದೆ. ಪೆಟ್ಟಿಗೆಯನ್ನು ಬೇರೆ ಯಾರ ಕೈಗೂ ಕೊಡುತ್ತಿಲ್ಲ. "ಪಾದರಸ ಚೆಲ್ಲಿದ್ರೆ ಯಾರು ಜವಾಬ್ದಾರಿ?" ಎಂದು ಗದರಿದೆ. ಗುಬ್ಬಿ ಕೈ ಹಿಂದಕ್ಕೆಳೆದುಕೊಂಡಳು.

ನಾನು ಟ್ರೇನಿಂಗಿನಲ್ಲಿದ್ದಾಗ ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದ ಹೆಡ್ ಸಿಸ್ಟರ್ ಇದ್ದರು. ಬೂಟಿನ ಸದ್ದು ವರಾಂಡದ ಆ ತುದಿಯಲ್ಲಿ ಕೇಳಿದರೆ ಸಾಕು, ಜ್ವರ ಬಂದವರೂ ಎದ್ದು ಕೂರುತ್ತಿದ್ದರು. ಒಂದು ದಿನ ವಾರ್ಡಿನ ಹದಿನೆಂಟು ಜನಕ್ಕೂ ಎಂಬತ್ತು ಎಂದು ಬರೆದು ಚಹಾ ಕುಡಿಯಲು ಹೋಗಿದ್ದೆ. ದೊಡ್ಡಮ್ಮ ರಿಜಿಸ್ಟರ್ ಹಿಡಿದುಕೊಂಡು ಚಹಾದಂಗಡಿಗೇ ಬಂದರು. "ಇದು ಅಂಕಿ ಅಲ್ಲ ಹುಡುಗಿ, ಸೋಮಾರಿತನ" ಎಂದರು. ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಇದು ಸೋಮಾರಿತನವಲ್ಲ ದೊಡ್ಡಮ್ಮಾ. ಬೇರೆ.

ಮಾರ್ಚ್ 6, ಗುರುವಾರ

ಕೇಬಲ್ ಕೂಡ ಕರಗಿದೆಯಂತೆ. ಕರೆಂಟ್ ನಾಳೆ ಬರುತ್ತದೆ ಎನ್ನುತ್ತಾರೆ. ನಾಳೆ ಎಂಬುದು ವಿದ್ಯುತ್ ಇಲಾಖೆಯಲ್ಲಿ ತಾರೀಖಲ್ಲ, ಒಂದು ಮನೋಭಾವ.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ನಮ್ಮನೆಯವರು ಎದುರಿಗೆ ಬಂದು ನಿಂತರು. ಎರಡು ವರ್ಷದಿಂದ ನೋಡುತ್ತಿದ್ದೇನೆ, ಈ ಮನುಷ್ಯ ಏನು ಹೇಳುವುದಿದ್ದರೂ ಎದುರಿಗೇ ಬಂದು ನಿಲ್ಲುತ್ತಾರೆ. ಅಡುಗೆಮನೆಯಿಂದ ಕೂಗುವುದನ್ನು ಬಿಟ್ಟೇ ಬಿಟ್ಟಿದ್ದಾರೆ. ವಯಸ್ಸಾದ ಮೇಲೆ ಪ್ರೀತಿ ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

"ಏ ಇವಳೇ, ಟೀವಿ ಇಲ್ಲದೆ ಮನೆ ಹೇಗಿದೆ?"

"ಹೇಗಿದೆ? ತಣ್ಣಗಿದೆ."

"ಪಕ್ಕದ ಮನೆಯವರು ಬಂದು ಕೈ ಮುಗಿದು ಹೋದ್ರು. ನಾಲ್ಕು ದಿನದಿಂದ ನಿದ್ದೆ ಚೆನ್ನಾಗಿ ಬರ್ತಿದೆಯಂತೆ. ಕಿವಿ ಡಾಕ್ಟರ್ ಹತ್ರ ಹೋಗಿ ಬರೋಣ್ವಾ?"

"ನಿಮ್ಮ ಕಿವಿಗೇನಾಗಿದೆ?"

"ನನ್ನ ಕಿವಿಗೆ ಏನೂ ಆಗಿಲ್ಲ" ಎಂದು ಮೇಣದಬತ್ತಿ ಮುಖದ ಹತ್ತಿರ ಹಿಡಿದು ನಿಂತರು. ಮೇಣ ಕೈಮೇಲೆ ತೊಟ್ಟಿಕ್ಕುತ್ತಿತ್ತು.

ನಾನು ಊಟ ಬಿಟ್ಟು ಮಲಗಿದೆ. ಮಲಗಿ ಎದ್ದು ಇದನ್ನು ಬರೆಯುತ್ತಿದ್ದೇನೆ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಎಕ್ಸ್‌ರೇ ತೆಗೆಯುತ್ತಿದ್ದ ಅಣ್ಣನಿಗೆ ಕೈ ನಡುಕ ಬಂದಾಗ ಗೇಟಿನ ಬಳಿ ಸ್ಟೂಲು ಹಾಕಿ ಚೀಟಿ ಹರಿಯಲು ಕೂರಿಸಿದರು. ಕಿವಿ ಕೇಳದ ನರ್ಸಿಗೆ ಬಟ್ಟೆ ಕೋಣೆ. ಹದಿನಾಲ್ಕು ತಿಂಗಳು ಹಾಸಿಗೆಯ ಹೊದಿಕೆ ಮಡಚುವುದು. ಎರಡು ವರ್ಷದಿಂದ ಮಾನಿಟರ್ ಅಂಕಿ ತೋರಿಸುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ. ಯಾರಿಗೂ ಯಾರ ಕಿವಿಯೂ ಬೇಕಿರಲಿಲ್ಲ. ಇನ್ನು ಹದಿನಾಲ್ಕು ತಿಂಗಳು ಹಾಗೆಯೇ ದಾಟಿಬಿಡುತ್ತಿದ್ದೆ. ಬಾಯಿ ಬಿಟ್ಟರೆ ಬಣ್ಣಗೇಡು.

ಹಳೆಯ ಕೊಠಡಿಯಲ್ಲಿ ಎಷ್ಟು ಸದ್ದುಗಳಿದ್ದವು! ಸಿರಿಂಜು ಕುದಿಯುವಾಗ ಪಾತ್ರೆಯ ಮುಚ್ಚಳ ಟಪಟಪ ಕುಣಿಯುತ್ತಿತ್ತು. ಗಾಡಿಯಣ್ಣನ ಗಾಡಿ ವರಾಂಡದ ತಿರುವಿನಲ್ಲಿ ಕುಂಯ್ಯೆನ್ನುತ್ತಿತ್ತು. ಆ ಒಂದು ಕುಂಯ್‌ನಿಂದಲೇ ಬರುವವನು ಭಾರದವನೋ ಹಗುರದವನೋ ಹೇಳಿಬಿಡುತ್ತಿದ್ದೆ. ಈಚೆಗೆ ಗಾಡಿ ಕುಂಯ್ಯೆನ್ನುವುದಿಲ್ಲ. ಒಳ್ಳೆಯ ಎಣ್ಣೆ ಬಂದಿದೆ ಎಂದುಕೊಂಡಿದ್ದೆ. ಇವತ್ತು ಗಾಡಿಯಣ್ಣ ಚಕ್ರಕ್ಕೆ ಒದೆಯುತ್ತ, "ಇದರ ಕಿರುಚಾಟಕ್ಕೆ ಸತ್ತವನೂ ಎದ್ದು ಕೂತಾನು" ಎಂದು ಬೈಯುತ್ತಿದ್ದ. ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಇಂದು ಹನ್ನೊಂದು ಜನ.

ಮಾರ್ಚ್ 7, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ತಮಾಷೆ ಬಂದರೆ ಬರಲಿ, ಕರೆಯುವುದಿಲ್ಲ.

ಬೆಳಿಗ್ಗೆ ಡ್ಯೂಟಿಗೆ ಕಾಲಿಡುವಷ್ಟರಲ್ಲೇ ಕಾಲಿನ ಮೇಲೆ ಕಬ್ಬಿಣದ ತಗಡು ಬಿದ್ದ ಗಾರೆ ಕೆಲಸದವನನ್ನು ತಂದಿದ್ದರು. ಡಾಕ್ಟರಮ್ಮ ಮೊಣಕೈವರೆಗೆ ರಕ್ತ ಮಾಡಿಕೊಂಡು ಹೊಲಿಗೆ ಹಾಕುತ್ತಿದ್ದರು. ಗಾಡಿಯಣ್ಣ ಒಂದು ಟಾರ್ಚು ಕೈಯಲ್ಲಿ, ಒಂದು ಬಾಯಲ್ಲಿ ಹಿಡಿದು ದೀಪದ ಕಂಬವಾಗಿದ್ದ. ಗುಬ್ಬಿ ಆಚೆ ಮಂಚದಲ್ಲಿ ಡ್ರಿಪ್ ಹಾಕುತ್ತಿದ್ದಳು. ಆಗ ಒಬ್ಬ ಬಸುರಿ ಬಂದಳು. ಎಂಟು ತಿಂಗಳು ತುಂಬಿದೆ. ಪಾದ ಊದಿವೆ. ರಾತ್ರಿಯಿಂದ ತಲೆನೋವು. ಜೊತೆಗೆ ಅವಳ ಅತ್ತೆ.

"ಏನಿಲ್ಲಮ್ಮಾ, ಸೆಕೆಗೆ ಹಾಗಾಗಿದೆ" ಎಂದಳು ಅತ್ತೆ. ದೇವರು ಆ ಹೆಂಗಸಿಗೆ ಒಳ್ಳೆಯ ಗಂಟಲು ಕೊಟ್ಟಿದ್ದಾನೆ, ಒಂದಕ್ಷರವೂ ಬಿಡದೆ ಕೇಳಿಸಿತು. "ನನ್ನ ಮಗ ಹೆದ್ರಿ ಕರ್ಕೊಂಡು ಹೋಗು ಅಂದ. ನಮ್ಮ ಕಾಲದಲ್ಲಿ ತಲೆನೋವಿಗೆಲ್ಲ ಆಸ್ಪತ್ರೆ ಇತ್ತಾ? ನಾವೆಲ್ಲ ಹೆರಲಿಲ್ವಾ?"

ನಾಲ್ಕು ದಿನದಿಂದ ನಮ್ಮ ಕಾಲ, ನಮ್ಮ ಕಾಲ ಎಂದು ನಾನೂ ಹೇಳುತ್ತಿದ್ದೇನೆ. ಬೇರೆಯವರ ಬಾಯಲ್ಲಿ ಆ ಮಾತು ಅಷ್ಟು ಚೆನ್ನಾಗಿ ಕೇಳುವುದಿಲ್ಲ.

ಪಟ್ಟಿ ಸುತ್ತಿದೆ. ಬೆರಳಿಟ್ಟೆ. ಮೇಲಿನದು ನೂರೈವತ್ತು. ಸ್ಟೆತಾಸ್ಕೋಪ್ ಕಿವಿಗಿಟ್ಟು ಕೇಳುವವಳ ಹಾಗೆ ತಲೆ ಓರೆ ಮಾಡಿದೆ. ಒಳಗೆ ಹತ್ತಿ ತುಂಬಿದ ಹಾಗಿತ್ತು. ರಿಜಿಸ್ಟರಿನಲ್ಲಿ ನೂರೈವತ್ತು ಬರೆದು ಗೆರೆ ಎಳೆದೆ.

ಡಾಕ್ಟರಮ್ಮ ಆ ಕಡೆಯಿಂದ ಏನೋ ಕೇಳುತ್ತಿದ್ದರು. ಎಷ್ಟು ಸಲ ಕೇಳಿದರೋ. ಕೊನೆಗೆ ಗಾಡಿಯಣ್ಣ ಅವರ ಮುಖಕ್ಕೆ ಟಾರ್ಚು ತಿರುಗಿಸಿ ಮಾಸ್ಕು ಕೆಳಗೆಳೆದ. ಅಷ್ಟು ಹೊತ್ತಿಗೆ ಅವರು ಕೂಗುತ್ತಿದ್ದರು.

"ಸಿಸ್ಟರ್! ಕೆಳಗಿನದು ಎಷ್ಟು? ನಾನು ಈ ರಕ್ತನಾಳ ಬಿಟ್ಟು ಬರೋಕಾಗಲ್ಲ. ಕೆಳಗಿನದು ನೂರಹತ್ತು ಮುಟ್ಟಿದ್ರೆ ಈಗಲೇ ಇಂಜೆಕ್ಷನ್ ಶುರು ಮಾಡ್ಬೇಕು, ದಾರಿಯಲ್ಲಿ ಫಿಟ್ಸ್ ಬಂದ್ರೆ ತಾಯಿ ಮಗು ಎರಡೂ ಕಷ್ಟ. ಕಡಿಮೆ ಇದ್ರೆ ಹಾಗೇ ಹೆರಿಗೆ ಆಸ್ಪತ್ರೆಗೆ ಕಳಿಸಿ, ಮುಕ್ಕಾಲು ಗಂಟೆ ದಾರಿ."

ಪೆನ್ನು ಗೆರೆಯ ಕೆಳಗೆ ಬಂದು ನಿಂತಿತ್ತು. ತೊಂಬತ್ತರ ಒಂಬತ್ತನ್ನು ಬರೆಯಲು ಸುತ್ತು ಕೂಡ ಹಾಕಿಯಾಗಿತ್ತು. ಇದೆಲ್ಲ ಕೈಗೆ ಎಷ್ಟು ಬೇಗ ರೂಢಿಯಾಗಿಬಿಡುತ್ತದೆ! ಆ ಬಸುರಿ ಹುಡುಗಿ ನನ್ನ ಸೆರಗು ಹಿಡಿದು ಏನೋ ಕೇಳಿದಳು. ಕತ್ತಲು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕಾಣಲಿಲ್ಲ. ಮಗುವಿನ ವಿಷಯವೇ ಇರಬೇಕು, ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳು ಕೇಳಿದ್ದಕ್ಕೆ ಏನು ಉತ್ತರ ಹೇಳಬೇಕೋ ನನಗೆ ಗೊತ್ತಿರಲಿಲ್ಲ. ಕೇಳಿದ್ದು ಏನೆಂಬುದೂ ಗೊತ್ತಿರಲಿಲ್ಲ.

"ನನಗೆ ಕೇಳಿಸ್ತಾ ಇಲ್ಲ" ಎಂದೆ.

ಮೆಲ್ಲಗೆ ಹೇಳಿದೆನೆಂದೇ ತಿಳಿದಿದ್ದೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರೂ ಎದ್ದು ನಿಂತರಂತೆ.

"ಡಾಕ್ಟರೇ, ನನಗೆ ಕಿವಿ ಕೇಳಿಸ್ತಾ ಇಲ್ಲ. ಗುಬ್ಬೀ! ಬಾ ಇಲ್ಲಿ. ನೀನು ಕೇಳು."

ಗುಬ್ಬಿ ಮಾಸ್ಕ್ ತೆಗೆದು ಓಡಿಬಂದಳು. ಸ್ಟೆತಾಸ್ಕೋಪನ್ನು ನನ್ನ ಕಿವಿಯಿಂದ ತೆಗೆದು ಅವಳ ಕಿವಿಗೆ ಹಾಕಿದೆ. ಗಾಳಿ ತುಂಬಿದ್ದು ನಾನು, ಬಿಟ್ಟದ್ದು ನಾನು. ಪಾದರಸ ಕೂದಲೆಳೆಯಷ್ಟೂ ಜಾರದ ಹಾಗೆ ಇಳಿಸಲು ನನ್ನ ಕೈಯೇ ಬೇಕು. ಮೊಬೈಲಿನ ಬೆಳಕನ್ನು ಗುಬ್ಬಿಯ ಮುಖಕ್ಕೆ ಹಿಡಿದುಕೊಂಡೆ. ಅವಳ ಗದ್ದ ಒಮ್ಮೆ ಸಣ್ಣಗೆ ಕುಣಿಯಿತು. ಮತ್ತೊಮ್ಮೆ. ಮತ್ತೊಮ್ಮೆ. ಅವಳಿಗೇ ಗೊತ್ತಿಲ್ಲ ಹಾಗೆ ಮಾಡುತ್ತಾಳೆಂದು. ಎರಡು ವರ್ಷದ ಮೇಲೆ ಆ ಟಕ್ ಟಕ್ ನನಗೆ ಸಿಕ್ಕಿತು, ಒಂದು ಹುಡುಗಿಯ ಗದ್ದದ ಮೇಲೆ. ಪಾದರಸ ಇಳಿಯುತ್ತಿದೆ, ಗದ್ದ ಕುಣಿಯುತ್ತಿದೆ. ನೂರ ಮೂವತ್ತು. ನೂರ ಇಪ್ಪತ್ತು. ಗದ್ದ ನಿಂತಿತು.

"ನೂರ ಹನ್ನೆರಡು" ಎಂದಳು ಗುಬ್ಬಿ. ಅವಳು ಹೇಳುವ ಮೊದಲೇ ನಾನು ಬರೆದಾಗಿತ್ತು.

ಇಂಜೆಕ್ಷನ್ ಕೊಟ್ಟದ್ದೂ ನಾನೇ. ಒಂದು ಗಂಟೆಯ ಮೇಲೆ ಆಂಬುಲೆನ್ಸಿನಲ್ಲಿ ಕಳಿಸಿದೆವು, ಗುಬ್ಬಿ ಜೊತೆಗೆ ಹೋದಳು. ಸಂಜೆ ಸುದ್ದಿ ಬಂತು: ಸಿಸೇರಿಯನ್ ಆಯಿತು, ಹೆಣ್ಣು ಮಗು, ಗುಂಡುಕಲ್ಲಿನ ಹಾಗಿದೆ. ಅತ್ತೆ ಅಲ್ಲಿ ಸಿಕ್ಕವರಿಗೆಲ್ಲ "ನಾನೇ ಸಮಯಕ್ಕೆ ಕರ್ಕೊಂಡು ಹೋದೆ" ಎನ್ನುತ್ತಿದ್ದಾಳಂತೆ. ಹೇಳಿಕೊಳ್ಳಲಿ.

ಮಾರ್ಚ್ 8, ಶನಿವಾರ

ಡಾಕ್ಟರಮ್ಮನ ಮುಂದೆ ಕುಳಿತು ಮಂಗಳ, ಬುಧ, ಗುರುವಾರದ ಪುಟಗಳನ್ನು ತೆರೆದಿಟ್ಟೆ.

"ಇವು?"

"ಮೇಲಿನವು ಬೆರಳಿನವು. ಕೆಳಗಿನವು ನನ್ನವು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರ ಮುಖ ಹೇಗಾಯಿತೆಂದು ಬರೆಯುವುದಿಲ್ಲ. "ಇಪ್ಪತ್ತಾರು ಜನ, ಸಿಸ್ಟರ್" ಎಂದರು, ಅಷ್ಟೇ. ಈ ಹುಡುಗಿ ಯಾರ ಹತ್ತಿರವೂ ಕಲಿತಿರಲಾರಳು, ಆದರೂ ದೊಡ್ಡಮ್ಮನ ಹಾಗೆಯೇ ಬೈಯದೆ ಬಿಡುವುದನ್ನು ಕಲಿತಿದ್ದಾಳೆ.

ಇಂದಿಡೀ ಅದೇ ಕೆಲಸ. ಗುಬ್ಬಿಯ ಕಿವಿ, ನನ್ನ ಕೈ. ಹದಿನಾಲ್ಕು ಜನ ವಾರ್ಡುಗಳಲ್ಲಿದ್ದರು. ಒಬ್ಬೊಬ್ಬರ ಹಾಸಿಗೆಯ ಹತ್ತಿರ ಹೋಗಿ, "ಮೊನ್ನೆ ತಪ್ಪು ಬರೆದಿದ್ದೆ, ಇನ್ನೊಮ್ಮೆ ನೋಡ್ತೀವಿ" ಎಂದೆ. ಮೊದಲನೆಯ ಸಲ ರಿಜಿಸ್ಟರ್ ನೋಡಿಕೊಂಡು ಹೇಳಿದೆ. ಆರನೆಯ ಸಲಕ್ಕೆ ಮುಖ ನೋಡಿಕೊಂಡೇ ಹೇಳಿದೆ. ಎಂಬತ್ತು ಎಂದು ಬರೆದಿದ್ದ ಒಬ್ಬ ಮುದುಕ ದರ್ಜಿಯ ಅಂಕಿ ನಿಜಕ್ಕೂ ನೂರಾ ನಾಲ್ಕು. ಅವನಿಗೆ ಮಾತ್ರೆ ಶುರುವಾಯಿತು. "ತಾಯಿ, ನೀವು ಬಂದು ನೋಡಿದ್ದು ಒಳ್ಳೇದಾಯ್ತು" ಎಂದು ಕೈ ಮುಗಿದ. ಕೈ ಮುಗಿಸಿಕೊಂಡು ಅಷ್ಟು ಹಿಂಸೆ ಅನುಭವಿಸಿದ್ದು ಇದೇ ಮೊದಲು.

ಉಳಿದವರಲ್ಲಿ ಹನ್ನೊಂದು ಜನ ಫೋನಿಗೆ ಸಿಕ್ಕರು, ಗೊಣಗಿಕೊಂಡು ಬಂದು ಹೋದರು. ಒಬ್ಬ ಮಾತ್ರ ಸಿಗಲಿಲ್ಲ, 'ತರಕಾರಿ' ಎಂದಷ್ಟೇ ಬರೆದುಕೊಂಡಿದ್ದೆ. ಗುಬ್ಬಿಯ ಸ್ಕೂಟರಿನ ಹಿಂದೆ ಪಾದರಸದ ಪೆಟ್ಟಿಗೆಯನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಮಾರ್ಕೆಟ್ಟಿಗೆ ಹೋದೆವು. ಸಿಕ್ಕ. ಬದನೆಕಾಯಿ ರಾಶಿಯ ಪಕ್ಕದಲ್ಲಿ ಅವನ ತೋಳಿಗೆ ಪಟ್ಟಿ ಸುತ್ತಿದೆವು. ಎಂಬತ್ತೆರಡು. ಅಷ್ಟರಲ್ಲಿ ಹಿಂದೆ ಸಾಲು ನಿಂತಿತ್ತು. "ನಂದೂ ನೋಡಮ್ಮ", "ನಮ್ಮತ್ತೇದು ನೋಡಿ, ಯಾವಾಗ್ಲೂ ಮೇಲೇ ಇರುತ್ತೆ." ಗುಬ್ಬಿ ನನ್ನ ಮುಖ ನೋಡಿದಳು. ಕುಳಿತೆವು. ಒಂದು ಗಂಟೆಯಲ್ಲಿ ಮೂವತ್ತು ತೋಳು. ಬರುವಾಗ ತರಕಾರಿಯವನು ಎರಡು ನಿಂಬೆಹಣ್ಣು ಕೈಗಿಟ್ಟ.

ಗುಬ್ಬಿ ದಾರಿಯುದ್ದಕ್ಕೂ ಏನೋ ಹೇಳುತ್ತ ಸ್ಕೂಟರ್ ಓಡಿಸುತ್ತಿದ್ದಳು. ಅವಳ ಬೆನ್ನು ತಟ್ಟಿ, "ನಿಲ್ಲಿಸಿ, ಈ ಕಡೆ ತಿರುಗಿ ಹೇಳು ಮಾರಾಯ್ತಿ, ನನಗೆ ಕೇಳಲ್ಲ" ಎಂದೆ. ನಿಲ್ಲಿಸಿ ತಿರುಗಿದಳು. ಅವಳ ಅಮ್ಮನ ಮಂಡಿನೋವಿನ ಕಥೆ. ರಸ್ತೆಯ ಪಕ್ಕ ನಿಂತೇ ಪೂರ್ತಿ ಕೇಳಿದೆ. ಈ ಹುಡುಗಿ ಇಷ್ಟೊಂದು ಮಾತಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 9, ಭಾನುವಾರ

ಕರೆಂಟ್ ಬಂತು. ಮಾನಿಟರುಗಳು ಏನೂ ಆಗಿಲ್ಲವೆಂಬಂತೆ ಕಣ್ಣು ಬಿಟ್ಟವು. ಗಾಡಿಯಣ್ಣನಿಗೆ ಬೇಸರ.

ಮಾರ್ಚ್ 14, ಶುಕ್ರವಾರ

ಕಿವಿ ಪರೀಕ್ಷೆಯಾಗುವವರೆಗೆ ಬಟ್ಟೆ ಕೋಣೆ ಎಂದು ಆದೇಶ. ವಿವರಣೆ ಕೊಡಿ ಎಂದು ಒಂದು ಪತ್ರವೂ ಬಂದಿದೆ. ಒಂದೂವರೆ ಪುಟ ಬರೆದು, ಹರಿದು, ನಾಲ್ಕು ಸಾಲು ಬರೆದುಕೊಟ್ಟೆ.

ಬಟ್ಟೆ ಕೋಣೆಗೆ ಕಿಟಕಿ ಇದೆ. ಮೂವತ್ತೇಳು ವರ್ಷ ಇದೇ ಕಟ್ಟಡದಲ್ಲಿದ್ದೂ ಹಿಂದಿನ ಅಂಗಳದಲ್ಲೊಂದು ಹುಣಸೆಮರ ಇದೆಯೆಂದು ನನಗೆ ತಿಳಿದಿರಲಿಲ್ಲ. ಮಧ್ಯಾಹ್ನ ಗುಬ್ಬಿ ಇಬ್ಬರು ಹೊಸ ಹುಡುಗಿಯರನ್ನು ಕರೆತಂದಳು. "ಅಕ್ಕಾ, ಇವರಿಗೆ ಪಾದರಸ ಇಳಿಸೋಕೆ ಕೈ ಕೂರ್ತಿಲ್ಲ, ಸರ್ರಂತ ಜಾರಿಸ್ತಾರೆ." ಹೊದಿಕೆಗಳ ರಾಶಿಯ ಮೇಲೆ ಕೂರಿಸಿ ಹೇಳಿಕೊಟ್ಟೆ. ನಾಳೆಯೂ ಬರುತ್ತಾರಂತೆ.

ಮಾರ್ಚ್ 19, ಬುಧವಾರ

ಕಿವಿ ಪರೀಕ್ಷೆ. ನಮ್ಮನೆಯವರು ಹೊರಗೆ ಬೆಂಚಿನ ಮೇಲೆ ಕುಳಿತು ಪೇಪರ್ ತಲೆಕೆಳಗಾಗಿ ಹಿಡಿದುಕೊಂಡಿದ್ದರು.

ಒಳಗೆ ಟೆಲಿಫೋನ್ ಬೂತಿನಂಥ ಪುಟ್ಟ ಕೋಣೆ, ಸುತ್ತ ಸ್ಪಂಜಿನ ಗೋಡೆ. ಕಿವಿಗೆ ಹೆಡ್‌ಫೋನ್, ಕೈಗೊಂದು ಗುಂಡಿ. "ಎಷ್ಟೇ ಸಣ್ಣ ಸದ್ದು ಕೇಳಿಸಿದರೂ ಒತ್ತಿ ಮೇಡಂ" ಎಂದು ಪರೀಕ್ಷೆ ಮಾಡುವ ಯುವಕ ಬಾಗಿಲು ಹಾಕಿಕೊಂಡು ಗಾಜಿನ ಆಚೆ ಕುಳಿತ.

ಒಳ್ಳೆಯ ಹುಡುಗ. ಆದರೆ ಒಂದು ದುರಭ್ಯಾಸವಿದೆ: ಸದ್ದು ಬಿಡುವಾಗಲೆಲ್ಲ ಎಡ ಭುಜ ಒಂದಿಷ್ಟು ಮೇಲೇರುತ್ತದೆ. ಎರಡೇ ನಿಮಿಷದಲ್ಲಿ ಗೊತ್ತಾಗಿಬಿಟ್ಟಿತು. ಭುಜ ಏರಿತು, ನನ್ನ ಹೆಬ್ಬೆರಳು ಗುಂಡಿಯ ಮೇಲೆ ತಾನಾಗಿಯೇ ಬಿಗಿಯಾಯಿತು. ಹಾಗೆ ಒತ್ತುತ್ತ ಹೋಗಿದ್ದರೆ ಹದಿನೆಂಟರ ಹುಡುಗಿಯ ಕಿವಿ ಎಂದು ಬರೆದುಕೊಡುತ್ತಿದ್ದ. ಸೋಮವಾರವೇ ನನ್ನ ಕೊಠಡಿ, ನನ್ನ ರಿಜಿಸ್ಟರು.

ಕಣ್ಣು ಮುಚ್ಚಿಕೊಂಡೆ.

ಬಹಳ ಹೊತ್ತು ಏನೂ ಇರಲಿಲ್ಲ. ಸ್ಪಂಜಿನ ವಾಸನೆ, ನನ್ನದೇ ಉಸಿರು. ಆಮೇಲೆ ಎಲ್ಲೋ ತುಂಬ ಆಳದಲ್ಲಿ, ಬಾವಿಗೆ ಹರಳು ಬಿದ್ದ ಹಾಗೆ ಒಂದು ಸದ್ದು. ಒತ್ತಿದೆ. ಮತ್ತೆ ಏನೂ ಇಲ್ಲ. ಅವಸರ ಮಾಡಲಿಲ್ಲ.

ಇಪ್ಪತ್ತು ನಿಮಿಷದ ಪರೀಕ್ಷೆಯಲ್ಲಿ ನಾನು ಗುಂಡಿ ಒತ್ತಿದ್ದು ನಾಲ್ಕು ಸಲ. ನಾಲ್ಕೂ ನನ್ನ ಕಿವಿಗೇ ಕೇಳಿಸಿದವು.